ಸಮುದ್ರದಡಿಯ ಅನಿಲವೂ ನಮ್ಮ ಸಿಲಿಂಡರೂ

ಕಣ್ಣಿಗೆ ಕಾಣದ್ದನ್ನು ಬರಿಯ ಮರುದನಿಯಿಂದ ಅರಿಯುವುದು ಮನುಷ್ಯಬುದ್ಧಿಯ ಅತ್ಯುನ್ನತ ಸಾಧನೆ. ನಮ್ಮ ಮನೆಯಲ್ಲಿ ಅದು ಅಡುಗೆಮನೆಯ ಹೊಸ್ತಿಲಲ್ಲೇ ಮುಗ್ಗರಿಸಿತು.

ನಾನು ಕಾರವಾರದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತನಾದವನು. ಆಳಸಮುದ್ರದ ತಳದಡಿಯಲ್ಲಿ ಚಳಿಗೂ ಒತ್ತಡಕ್ಕೂ ಸಿಕ್ಕಿದ ಅನಿಲ ನೀರಿನೊಡನೆ ಸೇರಿ ಮಂಜುಗಡ್ಡೆಯಂತೆ ಹೆಪ್ಪುಗಟ್ಟಿರುತ್ತದೆ. ಹಡಗಿನಿಂದ ನೀರಿಗೆ ಸದ್ದು ಹೊಡೆದು ಮರುದನಿ ದಾಖಲಿಸಿಕೊಂಡರೆ, ತಳದ ಗೆರೆಯ ಕೆಳಗೆ ಇನ್ನೊಂದು ಗೆರೆ ಮೂಡುತ್ತದೆ. ತಳ ಏರಿದಲ್ಲಿ ಏರಿ, ಇಳಿದಲ್ಲಿ ಇಳಿದು, ಹೊಸ ಸೊಸೆ ಅತ್ತೆಯನ್ನು ಹಿಂಬಾಲಿಸಿದಂತೆ ಸಾಗುತ್ತದೆ. ಒಳಗೊಳಗೆ ಮಾತ್ರ ಅದರ ಮರುದನಿಯ ಅಲೆ ಪೂರ್ತಿ ಉಲ್ಟಾ. ಗೆರೆಯ ಮೇಲೆ ಹೆಪ್ಪುಗಟ್ಟಿದ ಅನಿಲ, ಕೆಳಗೆ ಬಿಡಿ ಅನಿಲ ಎಂದು ತಿಳಿಯಬೇಕು. ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ವಿವರಿಸಿದಾಗ ಹೆಂಡತಿ ಸುಮಿತ್ರೆ ಕೇಳಿದ್ದು ಒಂದೇ: "ಆ ಗ್ಯಾಸ್ ನೀವು ನೋಡೀರಾ?"

ಕಳೆದ ಭಾನುವಾರ ಅವಳ ಅಣ್ಣ ಭಾವಿಕೇರಿಯಿಂದ ಬಂಗಡೆ ಮೀನು ಹಿಡಿದುಕೊಂಡು ಊಟಕ್ಕೆ ಬರುವವನಿದ್ದ. ತಂಗಿಯ ಅಡುಗೆಮನೆಯಲ್ಲಿ ಉಪ್ಪು ಕಡಿಮೆಯಾದರೂ ಸಂಜೆಯೊಳಗೆ ಊರಿಡೀ ಒಗ್ಗರಣೆ ಹಾಕಿ ಹಂಚುವ ಮನುಷ್ಯ. ಸುಮಿತ್ರೆಗೆ ಅದೇ ದಿಗಿಲು.

"ಗ್ಯಾಸ್ ಮುಗೀತಾ ಬಂದದೆ. ಪಕ್ಕದ ಮನೆಯವರು ಪೇಟೆಗೆ ಹೋಗೂದ್ರೊಳಗೆ ಅವರ ಸಿಲಿಂಡರ್ ಇಸ್ಕೊಂಡ್ ಬನ್ನಿ" ಎಂದಳು.

ವಿಜ್ಞಾನ ಮನೆಯಲ್ಲಿರುವಾಗ ಪಕ್ಕದ ಮನೆಗೇಕೆ ಹೋಗಬೇಕು? ಮೂಲೆಯಲ್ಲಿದ್ದ ಸಿಲಿಂಡರಿನ ಮುಂದೆ ಮೊಣಕಾಲೂರಿ, ಸೌಟಿನಿಂದ ಮೇಲಿಂದ ಕೆಳಕ್ಕೆ ಬಾರಿಸುತ್ತ ಬಂದೆ. ಠಣ್, ಠಣ್, ಠಣ್... ನಡುವಿಗೆ ಬಂದಾಗ ಧಪ್. "ಅರ್ಧ ಇದೆ" ಎಂದು ತೀರ್ಪು ಕೊಟ್ಟೆ.

ಪಕ್ಕದ ಮನೆಗೆ ಬೀಗ ಬಿತ್ತು. ಭಾವ ಬಂದ. ಬಂಗಡೆ ಸಾರು ಒಂದು ಕುದಿ ಬರುವಷ್ಟರಲ್ಲಿ ಒಲೆ ನಂದಿತು. ಭಾವ ಸಿಲಿಂಡರನ್ನು ಮೂಲೆಯಿಂದ ಎಳೆದ. ಅದರ ಹಿಂದೆ, ಅರ್ಧದ ಎತ್ತರಕ್ಕೆ ಸರಿಯಾಗಿ, ಕುಚ್ಚಲಕ್ಕಿಯ ಚೀಲ ಒರಗಿ ಕೂತಿತ್ತು. ಅವನೂ ಬಾರಿಸಿದ. ಬುಡದವರೆಗೂ ಠಣ್.

"ಭಾವಾ, ನೀವು ಅಳೆದದ್ದು ಅಕ್ಕಿ! ಸಮುದ್ರದಲ್ಲಿ ಚೀಲ ಇಡೂರಿಲ್ಲ, ನಿಮ್ಮ ಪುಣ್ಯ" ಎಂದ ಅವನು.

"ಅಲ್ಲೂ ಕೊರೆದು ನೋಡುವ ತನಕ ಖಾತ್ರಿ ಅನ್ನುವುದಿಲ್ಲಪ್ಪ" ಎಂದೆ ಗಂಭೀರವಾಗಿ.

"ಕೊರೆದದ್ದು ಸಾಕು. ಬಚ್ಚಲೊಲೆ ಊದಿ" ಎಂದಳು ಸುಮಿತ್ರೆ, ಸೆರಗಿನಲ್ಲಿ ನಗು ಮುಚ್ಚಿಕೊಂಡು.

ಊದಿದೆ. ನೀರು ಕಾಯಿಸುವ ಒಲೆಯ ಮೇಲೆ ಸಾರು ಬೆಂದಿತು. ಹೊಗೆಗೆ ಕಣ್ಣು ಕೆಂಪಾದವನೆಂದು ನನ್ನ ತಟ್ಟೆಗೆ ದೊಡ್ಡ ಬಂಗಡೆ ಬಿತ್ತು. ಸಂಜೆಯೊಳಗೆ ಭಾವಿಕೇರಿಗೆ ಸುದ್ದಿ ಮುಟ್ಟಿತು. ಅದರಲ್ಲಿ ಸುಮಿತ್ರೆಯ ಹೆಸರಿರಲಿಲ್ಲ.