ಎಡಗಡೆ ಮುಖ ಮಾಡಿದ ಮೀಟರ್

ಕಾರಿಗೆ ಬಣ್ಣ ಹೊಡೆಯುವವರಿಗೆ, ಟಯರ್ ಬದಲಿಸುವವರಿಗೆ ಗಿರಾಕಿಗಳಿಂದ ನಗೆಯ ಪ್ರಸಂಗಗಳು ಆಗುತ್ತವೋ ಇಲ್ಲವೋ ಗೊತ್ತಿಲ್ಲ. ಮೀಟರ್ ಕೂರಿಸುವ ನನಗಂತೂ ತಪ್ಪಿದ್ದಲ್ಲ. ಬೆಳಗಾವಿಯ ಕೋಟೆ ಹತ್ತಿರ ನನ್ನದೊಂದು ಚಿಕ್ಕ ಅಂಗಡಿ. ಕಂಪನಿಯವರು ಕೊಟ್ಟ ಮೀಟರ್ ಸಾಲದು ಎನ್ನುವವರು ಅಲ್ಲಿಗೆ ಬರುತ್ತಾರೆ. ಎಂಜಿನ್ ಎಷ್ಟು ಕಾದಿದೆ, ಆಯಿಲ್ ಒತ್ತಡ ಎಷ್ಟಿದೆ ಎಂದು ತೋರಿಸುವ ದುಂಡನೆಯ ಮೀಟರುಗಳನ್ನು ಕಪ್ಪು ಪ್ಲಾಸ್ಟಿಕ್ ಗೂಡಿನಲ್ಲಿಟ್ಟು, ಡ್ಯಾಶ್‌ಬೋರ್ಡಿನ ಮೇಲೋ ಮುಂದಿನ ಗಾಜಿನ ಪಕ್ಕದ ಕಂಬಕ್ಕೋ ಕೂರಿಸಿ ಕೊಡುವುದು ನನ್ನ ಕೆಲಸ.

ಮೊದಲೆಲ್ಲ ಇಂಥ ಪ್ರಸಂಗಗಳನ್ನು ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳಿ, ಅವಳು ನಕ್ಕ ಮೇಲೆಯೇ ಊಟಕ್ಕೆ ಕೂರುತ್ತಿದ್ದೆ. ಹೋದ ವರ್ಷ ಅವಳು ತೀರಿಕೊಂಡಳು. ಮಕ್ಕಳಿಲ್ಲ. ರಾಮತೀರ್ಥ ನಗರದ ಮನೆಯಲ್ಲಿ ಈಗ ನಾನು ಮತ್ತು ಫ್ರಿಜ್ಜು. ಇಬ್ಬರಲ್ಲಿ ಅದೇ ಹೆಚ್ಚು ಮಾತಾಡುತ್ತದೆ. ಹೇಳದೆ ಉಳಿದ ಪ್ರಸಂಗಗಳಿಂದ ಹೊಟ್ಟೆ ಉಬ್ಬರಿಸಿದಂತಾಗಿದೆ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ದೇವರ ಕಾಲ ಕೆಳಗೆ

ಬ್ಯಾಂಕ್ ನೌಕರರೊಬ್ಬರು ತಾಯಿಯನ್ನೂ ಕರೆದುಕೊಂಡು ಕಾರು ತಂದರು. ಮೀಟರಿಗೆ ಒಳ್ಳೆಯ ಜಾಗ ಎಂದರೆ ಡ್ಯಾಶ್‌ಬೋರ್ಡಿನ ನಡುಮಧ್ಯ. ಅಲ್ಲಿ ಆಗಲೇ ಗಣಪತಿ ಕೂತುಬಿಟ್ಟಿದ್ದ. ನಾನು ಸ್ವಲ್ಪ ಸರಿಸೋಣವೆಂದು ಕೈ ಹಾಕಿದೆ. ಹಿಂದಿನ ಸೀಟಿನಿಂದ ತಾಯಿ ಗದರಿದರು.

"ಏ, ಕೈ ತಗೀರಿ! ಕುಂತ ದೇವರನ್ನ ಎಬ್ಬಸ್ತೀರೇನು?"

"ಇಲ್ರೀ ಅವ್ವಾರ, ಮೀಟರಿಗೆ ಜಾಗಾ ಬೇಕಾಗೇತಿ."

"ಬೇಕಾದ್ರ ಅವನ ಕಾಲ ಕೆಳಗ ಕುಂಡ್ರಸ್ರಿ. ಬಾಜೂಕ ಬ್ಯಾಡ, ಮ್ಯಾಲಂತೂ ಬ್ಯಾಡೇ ಬ್ಯಾಡ."

ಹಾಗೇ ಮಾಡಿದೆ. ದಸರೆಯ ಖಂಡೇ ಪೂಜೆ, ಅಂದರೆ ಆಯುಧ ಪೂಜೆ, ಮುಗಿದ ಮೇಲೆ ತಾಯಿ-ಮಗ ಮತ್ತೆ ಬಂದರು. ಮೀಟರ್ ಕಾಣುತ್ತಿಲ್ಲವಂತೆ. ನೋಡಿದರೆ, ಆ ತಾಯಿ ಕಾರಿಗೆ ಪೂಜೆ ಮಾಡುವಾಗ ಇದೂ ಒಂದು ಆಯುಧವೇ ಎಂದು ಮೀಟರಿನ ಗಾಜಿಗೆ ವಿಭೂತಿ, ಅರಿಶಿನ, ಕುಂಕುಮ ಎಲ್ಲ ದಪ್ಪಗೆ ಬಳಿದಿದ್ದರು. ನಾನು ಅರಿವೆ ಎತ್ತಿದ್ದೇ ತಡ, "ಪೂಜಿ ಮಾಡಿದ್ದು ಒರಸಬಾರದ್ರೀ, ತಾನ ಉದರಬೇಕು" ಎಂದರು.

ಮಗ ಕೈಮುಗಿದು ಕೇಳಿದರು: "ಮತ್ತ ಎಂಜಿನ್ ಕಾದಿದ್ದು ಹೆಂಗ ತಿಳೀಬೇಕವ್ವಾ?"

"ಅದಕ್ಕ ಮ್ಯಾಲ ಅವನು ಕುಂತಾನಲ್ಲ, ನೋಡ್ಕೋತಾನ!"

ಒಂದು ಕಣ್ಣು

ಖಾನಾಪುರದ ಹಾಲಿನ ವ್ಯಾಪಾರಿಯೊಬ್ಬರಿದ್ದಾರೆ. ಮನೆಯಲ್ಲಿ ಮರಾಠಿ, ನನ್ನ ಜೊತೆ ಎರಡೂ ಕಲಸಿದ ಕನ್ನಡ. ಕಾಡಿನ ಏರುದಾರಿಯಲ್ಲಿ ವ್ಯಾನಿನ ಎಂಜಿನ್ ಕಾಯುತ್ತದೆಂದು ಮೀಟರ್ ಹಾಕಿಸಿಕೊಂಡರು. ಕಳಿಸುವಾಗ ನಾನು, "ಗಾಡಿ ಹೊಡಿಯೂ ಮುಂದ ಇದರ ಮ್ಯಾಲ ಒಂದ ಕಣ್ಣ ಇರ್ಲಿ" ಎಂದೆ.

ಮರುದಿನ ಫೋನ್ ಬಂತು. "ಮೀಟರ್ ಏಕದಂ ಛಲೋ ಐತಿ ನೋಡ್ರೀ. ಕಾಟಾ ಬರೋಬ್ಬರ್ ನಡುವ ನಿಂತೈತಿ, ಜರಾನೂ ಅಳ್ಳಾಡಿಲ್ಲ."

ಹೊಗಳಲೆಂದೇ ಫೋನ್ ಮಾಡಿದ ಗಿರಾಕಿ ಇವರೊಬ್ಬರೇ. ಖುಷಿಯಾಗಿ, "ಗಾಡಿ ಎಲ್ಲೈತ್ರೀ ಈಗ?" ಎಂದೆ.

"ಗಟಾರದಾಗ."

ಮೀಟರಿನ ಮುಳ್ಳು ನೋಡುತ್ತ ಹೋಗುವಾಗ ರಸ್ತೆ ತಿರುಗಿದ್ದು ಅವರಿಗೆ ತಿಳಿಯಲಿಲ್ಲವಂತೆ. ಪುಣ್ಯಕ್ಕೆ ಹಾಲು ಚೆಲ್ಲಿದ್ದು ಬಿಟ್ಟರೆ ಅವರಿಗೇನೂ ಆಗಿರಲಿಲ್ಲ.

"ಒಂದ ಕಣ್ಣ ಅಂದಿದ್ನೆಲ್ರೀ!"

"ಹೊಸಾದ ಐತೆಲ್ರೀ. ಒಂದ ಕಣ್ಣಿಲೆ ಸಮಾಧಾನ ಆಗ್ಲಿಲ್ಲ."

ನಗುತ್ತಲೇ ಫೋನ್ ಇಟ್ಟೆ. ಕೈ ತಾನಾಗಿ ಹೆಂಡತಿಯ ನಂಬರ್ ಹುಡುಕತೊಡಗಿತು. ಅವಳ ಫೋನ್ ಮನೆಯ ಕಪಾಟಿನಲ್ಲಿ ಬಂದ್ ಆಗಿ ಕೂತಿದೆಯೆಂದು ಕೈಗೆ ಇನ್ನೂ ಗೊತ್ತಿಲ್ಲ.

ಅಲುಗಾಡದ ಮುಳ್ಳು

ಮಚ್ಛೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗನಿಗೆ ಟರ್ಬೋ ಮೀಟರ್ ಬೇಕಾಗಿತ್ತು. ಟರ್ಬೋ ಎಂದರೆ ಎಂಜಿನ್ನಿಗೆ ಜೋರಾಗಿ ಗಾಳಿ ತುರುಕುವ ಯಂತ್ರ. ಅದು ಅವನ ಕಾರಿನಲ್ಲಿ ಇರಲೇ ಇಲ್ಲ.

"ಟರ್ಬೋನ ಇಲ್ಲದ ಗಾಡ್ಯಾಗ ಮುಳ್ಳು ಅಳ್ಳಾಡೂದಿಲ್ಲ ನೋಡ್ರಿ" ಎಂದೆ.

"ಅಳ್ಳಾಡೂದು ಬ್ಯಾಡ್ರೀ. ನೀಲಿ ದೀಪ ಹತ್ತಿದ್ರ ಸಾಕು. ಐತವಾರ ಕನ್ಯಾ ನೋಡಾಕ ಹೊಂಟೀನಿ."

ಗಿರಾಕಿಯೇ ದೇವರು ಎಂದು ಕೂರಿಸಿ ಕೊಟ್ಟೆ. ವಾರ ಕಳೆದ ಮೇಲೆ ಹುಡುಗ ಕುಂದಾ ಮಿಠಾಯಿಯ ಡಬ್ಬಿ ಹಿಡಿದು ಬಂದ. ಹುಡುಗಿಯ ತಂದೆಯನ್ನು ಕಾರಿನಲ್ಲಿ ಒಂದು ಸುತ್ತು ಕರೆದೊಯ್ದನಂತೆ. ಅವರು ದಾರಿಯುದ್ದಕ್ಕೂ ಆ ಮೀಟರನ್ನೇ ನೋಡಿದರಂತೆ. ಕೆಳಗಿಳಿದು ಹೆಂಡತಿಗೆ ಹೇಳಿದರಂತೆ: "ಲಾರಿ ಅಡ್ಡ ಬಂತು, ದನ ಅಡ್ಡ ಬಂತು, ಆ ಮುಳ್ಳು ಅಳ್ಳಾಡ್ಲಿಲ್ಲ ನೋಡು. ಇಷ್ಟ ಸಮಾಧಾನದ ಹುಡುಗ ನಮಗ ಮತ್ತ ಎಲ್ಲಿ ಸಿಗ್ತಾನ?"

ನನ್ನ ಸ್ವಂತದ್ದು

ಈಗ ನನ್ನ ಕಾರಿನ ಮಾತು. ಅದರ ಮೀಟರ್ ಎಡಗಡೆಯ ಕಂಬದಲ್ಲಿ, ಎಡಗಡೆಯ ಸೀಟಿಗೇ ಮುಖ ಮಾಡಿ ಕೂತಿದೆ. ನನ್ನ ಸೀಟಿನಿಂದ ಅದರ ಬೆನ್ನಷ್ಟೇ ಕಾಣುತ್ತದೆ. ಹಿಂದೊಮ್ಮೆ ಖಾನಾಪುರದ ತವರಿಗೆ ಹೋಗುವಾಗ ಎಂಜಿನ್ ಕುದಿದು ನಿಂತಿತ್ತು. ಅವತ್ತೇ ಹೆಂಡತಿ ಹೇಳಿದ್ದಳು: "ನೀವು ರಸ್ತಾ ನೋಡ್ರಿ, ನಾ ಮೀಟರ್ ನೋಡ್ತೀನಿ." ಆಮೇಲೆ ದಾರಿಯುದ್ದಕ್ಕೂ, "ಎಂಬತ್ತಾತ್ರೀ... ತೊಂಬತ್ತಾತ್ರೀ... ಸಾವಕಾಶ" ಎಂದು ಕೂಗುತ್ತಿದ್ದಳು.

ನೋಡಿದವರು, "ಮೀಟರ್ ಹಾಕಾಂವನ ಮೀಟರ್ರ ಉಲ್ಟಾ!" ಎಂದು ನಗುತ್ತಾರೆ. ತಿರುಗಿಸುವುದು ಎರಡು ಸ್ಕ್ರೂ ಬಿಚ್ಚುವ ಕೆಲಸ. ಎಷ್ಟೋ ಸಲ ಸ್ಕ್ರೂಡ್ರೈವರ್ ಹಿಡಿದು ಕೂತು ಹಾಗೇ ಎದ್ದು ಬಂದಿದ್ದೇನೆ. ತಿರುಗಿಸಿದರೆ ಆ ಸೀಟಿನಲ್ಲಿ ಇನ್ನು ಯಾರೂ ಕೂರುವುದಿಲ್ಲ ಎಂದು ನಾನೇ ಒಪ್ಪಿಕೊಂಡಂತೆ. ಅದು ನನ್ನಿಂದಾಗದು.

ಮೊನ್ನೆ ಖಾನಾಪುರದಿಂದ ಬರುವಾಗ ಬಸ್ ಸಿಗದೆ ನಿಂತಿದ್ದ ಒಬ್ಬ ಮುದುಕಿಯನ್ನು ಕಾರಿಗೆ ಹತ್ತಿಸಿಕೊಂಡೆ. ಬೆಳಗಾವಿಯ ಮಗಳ ಮನೆಗೆ ಹೊರಟಿದ್ದರು. ತೊಡೆಯ ಮೇಲೆ ಸ್ಟೀಲಿನ ಡಬ್ಬಿ. ಮೀಟರ್ ತೋರಿಸಿ, "ಆಯೀ, ಈ ಮುಳ್ಳು ಕೆಂಪ ಗೆರಿ ದಾಟಿದ್ರ ನನಗ ಹೇಳ್ರಿ" ಎಂದೆ.

"ಹೇಳ್ತೀನಿ ತಮ್ಮಾ" ಎಂದು ಅವರು ಕಣ್ಣು ಕೀಲಿಸಿ ಕೂತರು.

ಆ ಸೀಟಿನಲ್ಲಿ ಒಬ್ಬರು ಕೂತು ಮೀಟರ್ ನೋಡುತ್ತಿದ್ದಾರೆ ಎನ್ನುವುದೇ ಸಾಕಾಯಿತು. ನನ್ನ ಬಾಯಿ ಬಿಚ್ಚಿಕೊಂಡಿತು. ಗಣಪತಿಯ ಕತೆ ಹೇಳಿದೆ, ಗಟಾರದ ಕತೆ ಹೇಳಿದೆ. ಟರ್ಬೋ ಹುಡುಗ ಹುಡುಗಿಯ ತಂದೆಯನ್ನು ಕಾರಿಗೆ ಹತ್ತಿಸಿಕೊಂಡ ಎನ್ನುವಲ್ಲಿಗೆ ಮಚ್ಛೆ ಬಂತು. ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದು ಗಾಡಿ ನಿಂತೇಬಿಟ್ಟಿತು.

"ಆಯೀ! ಮುಳ್ಳು ಕೆಂಪ ಗೆರಿ ದಾಟ್ಲಿಲ್ಲೇನ್ರೀ?"

"ದಾಟಿ ಭಾಳ ಹೊತ್ತಾತು."

"ಮತ್ತ ಹೇಳಬಾರದಿತ್ತೇನ್ರೀ?"

"ಹೆಂಗ ಹೇಳ್ಲಿ? ನೀ ಉಸರ ತಗೊಳ್ಳಾಕರ ನಿಂತಿಯೇನು? ಪಾಪ, ಭಾಳ ದಿನದಿಂದ ಯಾರ ಜೋಡೀನೂ ಮಾತಾಡಿಲ್ಲ ಅನಸ್ತು. ನಡುವ ಬಾಯಿ ಹಾಕೂದು ಬ್ಯಾಡ ಅಂತ ಸುಮ್ಮ ಕುಂತೆ."

ನನಗೆ ನಗು ಬಂತು, ಅಳುವೂ ಬಂತು. ಎರಡನ್ನೂ ಬಾನೆಟ್ಟಿನ ಮರೆಯಲ್ಲಿ ಮುಗಿಸಿ ಬಂದು, ಎಂಜಿನ್ ಆರುವವರೆಗೆ ಇಲ್ಲೇ ಕೂರಬೇಕು, ಬೇರೆ ಗಾಡಿ ನಿಲ್ಲಿಸಿ ಕೊಡಲೇ ಎಂದು ಕೇಳಿದೆ. ಅವರು ಸೀಟಿನಲ್ಲಿ ಇನ್ನಷ್ಟು ಹಿಂದೆ ಸರಿದು ಕೂತರು. ಮಗಳಿಗೆಂದು ತಂದ ಡಬ್ಬಿ ತೆಗೆದು ನನ್ನ ಕೈಗೊಂದು ಶೇಂಗಾ ಉಂಡಿ ಇಟ್ಟರು.

"ನಾ ಎಲ್ಲಿಗೂ ಹೋಗೂದಿಲ್ಲ. ಆರೂದು ಆರ್ಲಿ. ಕುಂದರು, ಆ ಹುಡುಗಗ ಕನ್ಯಾ ಕೊಟ್ರೋ ಇಲ್ಲೋ, ಅದನ್ನ ಮೊದಲ ಹೇಳು."