ಮಗನ ಸೂಪರ್‌ಹೀರೋಗಳಿಗಾಗಿ ಪದೇ ಪದೇ ಸಾಯುತ್ತಿರುವ ತಾಯಿಯ ಅಹವಾಲು

ಶನಿವಾರದ ಆಟದ ಯಜಮಾನರೂ, ಲೋಕಗಳ ಸೃಷ್ಟಿಕರ್ತರೂ, ನನ್ನ ನೆಲಮಾಳಿಗೆಯ ಹಳೇ ಸೋಫಾದ ಖಾಯಂ ಒಡೆಯರೂ ಆದ ಶ್ರೀಮಾನ್ ಟ್ರೆವರ್ ಲಿಂಡ್‌ಕ್ವಿಸ್ಟ್ ಅವರ ಸನ್ನಿಧಾನಕ್ಕೆ, ನೆಲಮಾಳಿಗೆಯ ಫ್ರಿಜ್ಜಿನ ಬಾಗಿಲ ಮೂಲಕ.

ಮಾನ್ಯರೇ,

ತಮ್ಮ ದಾಳಗಳು ಸದಾ ತಾವು ಬಯಸಿದ ಮಗ್ಗುಲಿಗೇ ಬೀಳಲಿ ಎಂದು ಹಾರೈಸುತ್ತಾ, ಶೆಬಾಯ್ಗನ್ ಊರಿನ ಇದೇ ಮನೆಯ ಮೇಲ್ಗಡೆ ವಾಸಿಸುವ ಜೆನೀವ್ ಪ್ರಿಬಿಲ್ಸ್ಕಿ ಎಂಬ ನಾನು, ಅಂದರೆ ತಮ್ಮ ಗೆಳೆಯ ವಾರೆನ್‌ನ ತಾಯಿ, ಇನ್ನೂ ಬದುಕಿದ್ದೇನೆ ಎಂಬ ಸಂಗತಿಯನ್ನು ಅತ್ಯಂತ ವಿನಯದಿಂದ ತಮ್ಮ ಗಮನಕ್ಕೆ ತರಬಯಸುತ್ತೇನೆ. ಹೀಗೆ ಬರೆದು ತಿಳಿಸಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ಆದರೆ ತಮ್ಮ ಮೇಜಿನ ಮೇಲಿನ ಯಾವ ಹಾಳೆಯನ್ನು ನೋಡಿದರೂ ಇದು ಗೊತ್ತಾಗುವಂತಿಲ್ಲ.

ತಮ್ಮ ಆಟ ನನಗೆ ತಿಳಿಯದ್ದೇನಲ್ಲ. ಒಬ್ಬೊಬ್ಬರೂ ಒಂದೊಂದು ಸೂಪರ್‌ಹೀರೋ ಕಟ್ಟಿಕೊಂಡು, ಅವನ ಹುಟ್ಟು, ಶಕ್ತಿ, ದೌರ್ಬಲ್ಯಗಳನ್ನು ಹಾಳೆಯ ಮೇಲೆ ಬರೆದು ತಮಗೆ ಒಪ್ಪಿಸುತ್ತಾರೆ. ತಾವು ಕಥೆ ಹೇಳುತ್ತೀರಿ, ಅವರು ದಾಳ ಉರುಳಿಸಿ ಲೋಕ ಉಳಿಸುತ್ತಾರೆ, ನಾನು ಬ್ರಾಟ್‌ವುರ್ಸ್ಟ್ ಸಾಸೇಜು ಸುಟ್ಟು ತಟ್ಟೆ ಹಿಡಿದು ಮೆಟ್ಟಿಲಿಳಿಯುತ್ತೇನೆ. ಹೈಸ್ಕೂಲಿನಿಂದ ಹಿಡಿದು ತಮಗೆಲ್ಲ ತಲೆಗೂದಲು ಉದುರುವವರೆಗೂ ಇದು ನಡೆದುಬಂದಿದೆ, ನಾನು ಒಂದು ದಿನವೂ ಗೊಣಗಿದವಳಲ್ಲ. ನನ್ನ ತಕರಾರು ಒಂದೇ. ನನ್ನ ಮಗನ ಹೀರೋಗೆ ಶಕ್ತಿ ಬರಬೇಕಾದರೆ ಪ್ರತಿ ಸಲವೂ ನಾನೇ ಯಾಕೆ ಸಾಯಬೇಕು?

ಅವನು 'ಕಬ್ಬಿಣದ ಗೂಬೆ' ಆಗಿದ್ದಾಗ ನಾನು ಚೀಸ್ ಕಾರ್ಖಾನೆಯ ಕೊಪ್ಪರಿಗೆಗೆ ಬಿದ್ದು ಹೋದೆ. 'ನೆರಳಿನ ಮುಳ್ಳುಹಂದಿ' ಆಗಿದ್ದಾಗ ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಹೋಗಿ ಮೀನಿಗೇ ಆಹಾರವಾದೆ, ಅದೂ ಜನ್ಮದಲ್ಲಿ ಒಮ್ಮೆಯೂ ಗಾಳ ಮುಟ್ಟದವಳು. ಒಂದು ಸಲವಂತೂ ನನ್ನನ್ನು ಯಾರು ಕೊಂದರು ಎಂದು ಬರೆಯುವಷ್ಟೂ ವ್ಯವಧಾನವಿಲ್ಲದೆ 'ಅಮ್ಮ: ಸತ್ತಿದ್ದಾಳೆ' ಎಂದಷ್ಟೇ ಗೀಚಿ ನನಗೆ ಎಳ್ಳುನೀರು ಬಿಟ್ಟಿದ್ದ. ಅದನ್ನು ಓದಿದ ಮೇಲೂ ಅವನ ತಟ್ಟೆಗೆ ಆಲೂಗಡ್ಡೆ ಸಲಾಡ್ ಬಡಿಸಿದವಳು ನಾನು, ತಾವೇ ಸಾಕ್ಷಿ.

ಇರಲಿ, ಸಾಯುವುದನ್ನೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಆದರೆ ನನ್ನ ಮಾಜಿ ಪತಿ ರಾಯ್ ಅವರ ಭಾಗ್ಯವನ್ನು ಮಾತ್ರ ಎಷ್ಟು ಹೊಗಳಿದರೂ ಸಾಲದು. ಮಗನಿಗೆ ಸೈಕಲ್ ಕಲಿಸುವ ಮೊದಲೇ ಫೀನಿಕ್ಸ್ ನಗರಕ್ಕೆ ಹೋಗಿ, ಅಲ್ಲಿ ಊರವರ ಈಜುಕೊಳ ತೊಳೆದುಕೊಂಡು ಹಾಯಾಗಿರುವ ಆ ಮಹಾನುಭಾವರು ಈ ಆಟದಲ್ಲಿ ಪ್ರತಿ ಸಲವೂ ಅನ್ಯಗ್ರಹದ ಚಕ್ರವರ್ತಿಯಾಗಿರುತ್ತಾರೆ, ಲೋಕಕಲ್ಯಾಣಕ್ಕಾಗಿ ಮಗನನ್ನು ಬಿಟ್ಟುಹೋಗಿರುತ್ತಾರೆ! ಮನೆ ಬಿಟ್ಟವರಿಗೆ ಸಿಂಹಾಸನ, ಮನೆಯಲ್ಲೇ ಇದ್ದವಳಿಗೆ ಚೀಸ್ ಕೊಪ್ಪರಿಗೆ. ಇಂಥ ನ್ಯಾಯ ತಮ್ಮಂಥ ವಿದ್ವಾಂಸರಿಗಲ್ಲದೆ ಇನ್ನಾರಿಗೆ ಹೊಳೆದೀತು.

ಸತ್ತವರು ತಿರುಗಿ ಬರುವುದೂ ಸೂಪರ್‌ಹೀರೋ ಕಥೆಗಳ ಸಂಪ್ರದಾಯವೇ ಎಂದು ತಾವೇ ಒಮ್ಮೆ ಬಾಯ್ತುಂಬ ಸಾಸೇಜು ಇಟ್ಟುಕೊಂಡು ಬೋಧಿಸಿದ್ದಿರಿ. ಹೆಣ ಸಿಗದಿದ್ದರೆ ಸತ್ತಂತಲ್ಲ, ಸಿಕ್ಕಿದರೂ ಅದು ತದ್ರೂಪಿಯದ್ದಿರಬಹುದು. ಅದರಂತೆ ಹೀರೋಗಳು ಎದ್ದು ಬಂದರು, ಖಳರು ಎದ್ದು ಬಂದರು, ತಮ್ಮ ಜೊತೆ ಆಡುವ ಡೀನಾಳ ಹೀರೋ ಸಾಕಿದ ನಾಯಿಯೂ ಬಾಲ ಅಲ್ಲಾಡಿಸಿಕೊಂಡು ಎದ್ದು ಬಂತು. ಅಮ್ಮಂದಿರು ಮಾತ್ರ ಒಬ್ಬರೂ ಬರಲಿಲ್ಲ. ನಾನು ಮೆಟ್ಟಿಲ ಮೇಲಿನಿಂದಲೇ "ನಾಯಿಗೆ ಕೊಟ್ಟ ಸವಲತ್ತು ನನಗೂ ಕೊಡ್ರಪ್ಪಾ" ಎಂದು ಕೂಗಿದ್ದಕ್ಕೆ, ಡೀನಾ "ಮಿಸೆಸ್ ಪಿ, ನೀವು ಬಂದ್ಬಿಟ್ರೆ ವಾರೆನ್ ಕತ್ಲೇಲಿ ಕೂತು ಕೊರಗೋದು ಯಾವಾಗ?" ಎಂದು ನಕ್ಕಳು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಮಂಗಳವಾರ ನನ್ನ ಎದೆಯನ್ನು ಕೊಯ್ದು, ಗುಂಡಿಗೆಯ ಕವಾಟವೊಂದನ್ನು ಬದಲಿಸಿ ಹಂದಿಯದ್ದೊಂದನ್ನು ಜೋಡಿಸುತ್ತಾರೆಂಬುದು ತಮಗೂ ತಿಳಿದಿದೆ. ತಮ್ಮ ಶಾಸ್ತ್ರದ ಪ್ರಕಾರ ಇಷ್ಟಾದ ಮೇಲೆ ನನಗೇ ಯಾವುದಾದರೊಂದು ಶಕ್ತಿ ಬರಬೇಕು. ಡಾಕ್ಟರನ್ನು ಕೇಳಿದೆ, ಅವರು ಉಪ್ಪು ಕಡಿಮೆ ಮಾಡಿ ಎಂದರು. ವಾರೆನ್ ಮಾತ್ರ ಈ ವಿಷಯ ಎತ್ತಿದರೆ ಸಾಕು, ಗ್ಯಾರೇಜಿಗೆ ಹೋಗಿ ಹುಲ್ಲು ಕತ್ತರಿಸುವ ಯಂತ್ರ ಸರಿಯಿದ್ದರೂ ಅದನ್ನು ಬಿಚ್ಚಿ ಕೂರುತ್ತಾನೆ. ಅವನಿಗೆ ಮಾತು ಬರುವುದೇ ಶನಿವಾರ, ಅದೂ ಮುಖವಾಡ ತೊಟ್ಟ ಯಾವನೋ ಒಬ್ಬನ ಬಾಯಲ್ಲಿ.

ಕಳೆದ ಶನಿವಾರ ತಟ್ಟೆ ಎತ್ತುವಾಗ ಅದರಡಿಯಲ್ಲಿ ಅವನ ಹೊಸ ಹೀರೋನ ಹಾಳೆ ಸಾಸಿವೆ ಮೆತ್ತಿಕೊಂಡು ಬಿದ್ದಿತ್ತು. ಶಕ್ತಿ: ಎಷ್ಟೇ ದೂರದಲ್ಲಿದ್ದರೂ ಒಬ್ಬರ ಎದೆಬಡಿತ ಕೇಳಿಸುತ್ತದೆ. ದೌರ್ಬಲ್ಯ: ಅಮ್ಮ. ಅಮ್ಮ: ಬದುಕಿದ್ದಾಳೆ. ಮಾನ್ಯರೇ, ಇಷ್ಟು ವರ್ಷಗಳಲ್ಲಿ ಮೊದಲನೇ ಸಲ! ಅದರ ಕೆಳಗೆ ತಮ್ಮ ಕೆಂಪು ಶಾಯಿಯ ಅಪ್ಪಣೆಯೂ ಇತ್ತು: 'ಇವನು ಲೋಕ ಉಳಿಸೋಕೆ ಕಾರಣವೇ ಇಲ್ಲ. ಮೊದಲ ಆಟದಲ್ಲೇ ಅಮ್ಮನನ್ನು ಮುಗಿಸೋಣ.'

ಮೆಟ್ಟಿಲು ಹತ್ತುವಾಗ ವಾರೆನ್ ದನಿ ಕೇಳಿಸಿತು, "ಬೇಡ ಕಣೋ, ಈ ಸಲ ಇರ್ಲಿ ಬಿಡು" ಎಂದು. ತಾವು "ಯಾಕೋ? ಯಾವಾಗ್ಲೂ ನೀನೇ ಸಾಯಿಸ್ತಿದ್ದೆಯಲ್ಲೋ" ಎಂದಿರಿ. ಅವನು ದಾಳ ಉರುಳಿಸಿದ. ಅಯ್ಯೋ ಟ್ರೆವರ್, ಇಷ್ಟು ದಡ್ಡರೇ ತಾವು? ಗ್ರಹಗಳ ಭಾಷೆಯೆಲ್ಲ ಬಲ್ಲ ತಮಗೆ ಎದುರಿಗೆ ಕೂತ ಗೆಳೆಯ ಹೆದರಿದ್ದಾನೆಂದು ತಿಳಿಯಲಿಲ್ಲವೇ?

ಆದ್ದರಿಂದ ನನ್ನ ನಮ್ರ ಬೇಡಿಕೆಗಳು ಹೀಗಿವೆ. ಆ ಕೆಂಪು ಗೆರೆಗಳನ್ನು ಅಳಿಸಿ, ಈ ಶನಿವಾರವೇ ಹಾಳೆಯನ್ನು ಒಪ್ಪಿಕೊಳ್ಳತಕ್ಕದ್ದು. ಅದರಲ್ಲಿನ ಅಮ್ಮನಿಗೆ ಕೊಪ್ಪರಿಗೆ, ಮೀನು, ಸಿಡಿಲು, ಸಮಾನಾಂತರ ಲೋಕ ಯಾವುದೂ ತಾಗದಂತೆ ಆಟದ ನಿಯಮಗಳನ್ನು ತಿದ್ದತಕ್ಕದ್ದು. ಆಕೆಗೊಂದು ಹೆಸರಿಡತಕ್ಕದ್ದು. ಫೀನಿಕ್ಸ್ ಚಕ್ರವರ್ತಿಗಳು ಅನುಮತಿಸಿದರೆ ಅವರ ಸಿಂಹಾಸನವನ್ನೂ ಕೆಳಗಿಳಿಸಿ ನಮ್ಮ ಅಡುಗೆಮನೆಯಲ್ಲಿ ಹಾಕಿಸಿದರೆ ಉಪಕಾರವಾದೀತು, ಈಚೆಗೆ ನನಗೆ ನಿಂತು ಅಡುಗೆ ಮಾಡಿದರೆ ಉಸಿರು ಕಟ್ಟುತ್ತದೆ.

ಈವರೆಗೆ ಎಲ್ಲ ಸಾವುಗಳಲ್ಲೂ ತಮ್ಮೊಂದಿಗೆ ಸಹಕರಿಸಿದ, ಇನ್ನು ಮುಂದೆ ಸಹಕರಿಸದ,

ತಮ್ಮ ವಿಶ್ವಾಸಿ,
ಜೆನೀವ್ ಪ್ರಿಬಿಲ್ಸ್ಕಿ

ತಾ.ಕ.: ಮಂಗಳವಾರ ನಾನು ಎದ್ದು ಕೂತರೆ ಮೊದಲು ಕೇಳುವುದು ಆ ಹಾಳೆಯನ್ನೇ, ಅಮ್ಮ ಅದರಲ್ಲಿ ಸತ್ತಿದ್ದರೆ ತಮ್ಮ ಮುಂದಿನ ಕಥೆಗೆ ಖಳನಾಯಕಿಯನ್ನು ಬೇರೆ ಹುಡುಕಬೇಕಾಗಿಲ್ಲ. ಒಂದು ವೇಳೆ ನಾನು ಏಳದೆ ಹೋದರೂ ಆಕೆಯನ್ನು ಮುಟ್ಟಬೇಡಿ. ಲೋಕ ಉಳಿಸಲು ಅವನಿಗೊಂದು ಕಾರಣ ಬೇಕೆಂದಿರಲ್ಲ, ಅದು ಆಗ ಅವನಿಗೆ ಸಿಕ್ಕಿರುತ್ತದೆ.