ಮಂಡಿ ಎಣ್ಣೆಯ ಪರೀಕ್ಷೆ

ಪಕ್ಷಪಾತ ಮಾಡದೆ ಬದುಕಿದವರು ಯಾರಿದ್ದಾರೆ ಹೇಳಿ. ಮಕ್ಕಳಿಗೆ ಒಬ್ಬಟ್ಟು ಬಡಿಸುವಾಗ ನನ್ನ ತುಪ್ಪದ ಮಿಳ್ಳೆ ಚಿಕ್ಕವನ ಎಲೆಯ ಮೇಲೇ ಜಾಸ್ತಿ ಬಾಗುತ್ತಿತ್ತು. ಅಂಥ ನನಗೆ ಸಿಕ್ಕ ಮೊಮ್ಮಗಳು ರಮ್ಯ ಹಾಸನದಲ್ಲಿ ಡಾಕ್ಟರಿಕೆ ಓದುತ್ತಾಳೆ. ಔಷಧಿ ಪರೀಕ್ಷೆಗಳಲ್ಲಿ ಪಕ್ಷಪಾತ ಎಲ್ಲೆಲ್ಲಿ ನುಸುಳಿದೆ ಎಂದು ಹುಡುಕುವುದೇ ಅವಳ ಈಗಿನ ಕೆಲಸ.

ನಾನು ಕಾಯಿಸುವ ಮಂಡಿನೋವಿನ ಎಣ್ಣೆಗೆ ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಭಾರೀ ಹೆಸರು. ರಮ್ಯ ಮಾತ್ರ ನಂಬಲಿಲ್ಲ. ಪರೀಕ್ಷೆ ಮಾಡೋಣ, ಎಣ್ಣೆ ಸೋತರೆ ನಾನು ತೆಪ್ಪಗೆ ಮೂಳೆ ಡಾಕ್ಟರ ಹತ್ತಿರ ಬರಬೇಕು ಎಂದಳು. ನನಗೋ ಡಾಕ್ಟರೆಂದರೆ ಎದೆ ಡವಡವ. ಆದರೂ ಜಂಬ ಬಿಡಲಿಲ್ಲ, ಒಪ್ಪಿದೆ. ಒಂದೇ ಥರದ ಎಂಟು ಬಾಟಲಿ. ನಾಲ್ಕರಲ್ಲಿ ನನ್ನ ಎಣ್ಣೆ, ನಾಲ್ಕರಲ್ಲಿ ಬರೀ ಎಳ್ಳೆಣ್ಣೆ. ಬೀದಿಯ ಎಂಟು ಹೆಂಗಸರಿಗೆ ಚೀಟಿಯಲ್ಲಿ ಬಂದದ್ದು. ಯಾರದು ಯಾವುದೆಂದು ಅವರಿಗೆ ತಿಳಿಯಬಾರದು.

ಚೀಟಿ ಎತ್ತಿಸುವ ಭಾರ ನನಗೆ ಬಿಟ್ಟು ರಮ್ಯ ಬಸ್ಸು ಹತ್ತಿದಳು. ಎದುರು ಮನೆಯ ಜಯಮ್ಮನಿಗೆ ಎಳ್ಳೆಣ್ಣೆ ಬಂತು. ನನ್ನ ಮಗಳ ಬಾಣಂತನದಲ್ಲಿ ತಿಂಗಳುಗಟ್ಟಲೆ ನೀರು ಕಾಯಿಸಿ ಹಾಕಿದವಳು ಅವಳು. ಮನಸ್ಸು ತಡೆಯದೆ ಇನ್ನೊಂದು ಸಲ ಎತ್ತಿಸಿದೆ, ಈ ಸಲ ನನ್ನ ಎಣ್ಣೆ ಬಂತು.

ತಿಂಗಳಾದ ಮೇಲೆ ರಮ್ಯ ಬಂದು ನೋಡಿದರೆ ಎಂಟೂ ಜನಕ್ಕೆ ನೋವು ಕಡಿಮೆ. ಎಳ್ಳೆಣ್ಣೆಯವರಿಗೂ ಹೇಗೆ ಎಂದು ರಮ್ಯ ಜಯಮ್ಮನನ್ನು ಕರೆಸಿದಳು.

"ನನ್ ಬಾಟ್ಲಿ ಗಮಗಮ ಅಂತಿತ್ತು ಕಣವ್ವ, ಪಕ್ಕದ್ಮನೆ ಸಾವಿತ್ರಿದು ಬರೀ ಎಳ್ಳೆಣ್ಣೆ ವಾಸ್ನೆ. ಅವ್ಳು ಒಂದ್ ಬಟ್ಲು ಉಪ್ಪಿನ್ಕಾಯಿ ಕೊಟ್ಟಿದ್ಲು. ಬರೀ ಬಟ್ಲ ಎಂಗೆ ವಾಪಸ್ ಕೊಡಾದು? ಎಣ್ಣೆ ಉಯ್ದು ಕೊಟ್ಟೆ."

ನಮ್ಮ ಬೀದಿಯಲ್ಲಿ ಪಾತ್ರೆ ಬರಿದಾಗಿ ಹಿಂದಿರುಗಿದ್ದೇ ಇಲ್ಲ. ಹಾಗೆ ನನ್ನ ಎಣ್ಣೆ ಎಂಟೂ ಮನೆ ಸುತ್ತಿತ್ತು. ಹಾಗಾದರೆ ಎಂಟಕ್ಕೆ ಎಂಟೂ ನನ್ನದೇ ಗೆಲುವು ಎಂದು ಬೀಗಿದೆ. ನೋವು ಹೇಗಿದೆ ಎಂದು ಕೇಳಿದ್ದು ಯಾರು ಎಂದಳು ರಮ್ಯ. ನಾನೇ, ಮನೆಗೆ ಕರೆದು, ಕಾಫಿ ಕೋಡುಬಳೆ ಕೊಟ್ಟು ಕೇಳಿದೆ ಎಂದೆ.

ಜಯಮ್ಮ ಸೆರಗು ತಿರುಚುತ್ತಾ ಅಂದಳು: "ನಿನ್ ಕೋಡ್ಬಳೆ ಬಾಯಲ್ಲಿಕ್ಕೊಂಡು, ಇನ್ನೂ ನೋಯ್ತದೆ ಅಂತ ಎಂಗೇಳಾದಕ್ಕ?"

ರಮ್ಯ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಅವ್ರುದ್ ಬಿಡಜ್ಜಿ. ನಲವತ್ತು ವರ್ಷದಿಂದ ನೀನೇ ಹಚ್ಕೋತಿದ್ದೀಯ. ಎಲ್ಲಿ, ಎದ್ದೋಗಿ ನಂಗೂ ಒಂದ್ ಕೋಡ್ಬಳೆ ತತ್ತಾ ನೋಡಣ."

ನಾನು ಮೊದಲು ಗೋಡೆ ಹಿಡಿದೆ, ಆಮೇಲೆ ಜಯಮ್ಮನ ಭುಜ ಹಿಡಿದೆ, ಕೊನೆಗೆ ರಮ್ಯಳ ಕೈಯನ್ನೇ ಹಿಡಿದು ಎದ್ದೆ.

ಈಗ ಹಾಸನದಲ್ಲಿ ಮೂಳೆ ಡಾಕ್ಟರ ಬಾಗಿಲಲ್ಲಿ ಕೂತು, ಹೊಸದಾಗಿ ಕಲಿತ ಮೊಬೈಲಿನಲ್ಲಿ ಇದನ್ನು ಒಂದೊಂದೇ ಅಕ್ಷರ ಒತ್ತುತ್ತಿದ್ದೇನೆ. ನನ್ನ ಮಂಡಿ ಹೇಗಿದೆ ಎಂದು ಅವರು ಪಕ್ಷಪಾತವಿಲ್ಲದೆ ಹೇಳುತ್ತಾರಂತೆ. ಇರಲಿ ಎಂದು ಚೀಲದಲ್ಲಿ ಒಂದು ಡಬ್ಬ ಕೋಡುಬಳೆ ತಂದಿದ್ದೇನೆ.